ಸೀಕ್ವೆಲ್ ಹುಟ್ಟುವುದು ಕರಾರು ಪತ್ರದಲ್ಲಿ

1992ರ ಡಿಸೆಂಬರ್ ಕೊನೆಯ ವಾರ. ಕ್ರಿಸ್‌ಮಸ್ ರಜೆಯ ಗುಂಗಿನಿಂದ ಹಾಲಿವುಡ್ ಇನ್ನೂ ಹೊರಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಸಣ್ಣ ತಂಡ ತರಾತುರಿಯಲ್ಲಿ ಶೂಟಿಂಗ್ ಶುರು ಮಾಡಿತು. ಚಿತ್ರದ ಹೆಸರು 'ದಿ ಫೆಂಟಾಸ್ಟಿಕ್ ಫೋರ್'. ಮಾರ್ವೆಲ್ ಕಾಮಿಕ್ಸ್‌ನ ನಾಲ್ವರು ಸೂಪರ್‌ಹೀರೊಗಳ ಕಥೆ. ಬಜೆಟ್ ಸುಮಾರು 10 ಲಕ್ಷ ಡಾಲರ್, ಅಂದರೆ ಸೂಪರ್‌ಹೀರೊ ಚಿತ್ರಕ್ಕೆ ಚಿಲ್ಲರೆ ಕಾಸು. ಇಷ್ಟು ಆತುರ ಯಾಕೆ? ಜರ್ಮನಿಯ ನಿರ್ಮಾಪಕ ಬೆರ್ನ್ಡ್ ಐಕಿಂಗರ್ ಅವರ ಕೈಯಲ್ಲಿದ್ದ, ಆ ಕಥೆಯನ್ನು ಚಿತ್ರ ಮಾಡುವ ಹಕ್ಕಿನ ಅವಧಿ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಕ್ಯಾಮೆರಾ ಓಡದಿದ್ದರೆ ಹಕ್ಕು ಕೈತಪ್ಪುತ್ತಿತ್ತು. ಅದಕ್ಕೇ ಅವರು ಕಡಿಮೆ ದುಡ್ಡಿನಲ್ಲಿ ಬೇಗ ಸಿನಿಮಾ ಮುಗಿಸುವುದಕ್ಕೆ ಹೆಸರಾದ ರೋಜರ್ ಕಾರ್ಮನ್ ಅವರ ಬಾಗಿಲು ತಟ್ಟಿದ್ದರು.

ಸಿನಿಮಾ ಮುಗಿಯಿತು. ನಟರು ತಮ್ಮದೇ ದುಡ್ಡು ಹಾಕಿಕೊಂಡು ಪ್ರಚಾರಕ್ಕೆ ಓಡಾಡಿದರು. 1994ರ ಜನವರಿಗೆ ಮೊದಲ ಪ್ರದರ್ಶನ ಅಂತ ನಿಗದಿಯೂ ಆಗಿತ್ತು. ಕೊನೆಗೆ ಅದು ರದ್ದಾಯಿತು, ಚಿತ್ರ ತೆರೆಗೆ ಬರಲೇ ಇಲ್ಲ. ಜನ ನೋಡಿದ್ದೆಲ್ಲ ಕಳ್ಳ ಪ್ರತಿಗಳಲ್ಲಿ. ಬಿಡುಗಡೆ ಮಾಡುವ ಉದ್ದೇಶ ಮೊದಲಿನಿಂದಲೂ ಇರಲಿಲ್ಲ ಅಂತ ಮಾರ್ವೆಲ್‌ನ ಸ್ಟಾನ್ ಲೀ ಹೇಳಿದರು. ಐಕಿಂಗರ್ ಅದನ್ನು ಒಪ್ಪಲಿಲ್ಲ. ಯಾರ ಮಾತು ನಿಜವೋ, ಒಂದಂತೂ ಆಯಿತು. ಹಕ್ಕು ಅವರ ಹತ್ತಿರವೇ ಉಳಿಯಿತು. 2005ರಲ್ಲಿ ಅದೇ ನಾಲ್ವರ ಕಥೆಯನ್ನು ಅವರು ದೊಡ್ಡ ಬಜೆಟ್‌ನಲ್ಲಿ ತೆಗೆದರು. 2007ರಲ್ಲಿ ಅದರ ಮುಂದುವರಿಕೆಯೂ ಬಂತು.

ಸೀಕ್ವೆಲ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. 'ಹೊಸ ಕಥೆಯೇ ಬರುತ್ತಿಲ್ಲ, ಬರೀ ಭಾಗ 2, ಭಾಗ 3' ಅಂತ ನಾವು ಗೊಣಗುತ್ತೇವೆ. ಬರಹಗಾರರ ತಲೆ ಖಾಲಿಯಾಗಿದೆ ಅನ್ನುವುದು ಸಾಮಾನ್ಯ ದೂರು. ಆದರೆ ನೂರು ವರ್ಷದ ಇತಿಹಾಸ ತಿರುವಿ ನೋಡಿದರೆ, ಯಾವ ಕಥೆ ಮುಂದುವರಿಯಬೇಕು, ಯಾವ ಪಾತ್ರ ಸಾಯಬಾರದು, ಸತ್ತವನು ಯಾವಾಗ ಎದ್ದು ಬರಬೇಕು ಅನ್ನುವುದನ್ನು ಬಹಳ ಸಲ ತೀರ್ಮಾನಿಸಿದ್ದು ಬರಹಗಾರನ ಮೇಜಿನ ಮೇಲಿದ್ದ ಇನ್ನೊಂದು ಕಾಗದ, ಅಂದರೆ ಕರಾರು ಪತ್ರ.

ದೂರಿನಲ್ಲಿ ಹುರುಳಿಲ್ಲ ಅಂತಲ್ಲ. 2024ರಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಗಳಿಸಿದ ಹತ್ತು ಹಾಲಿವುಡ್ ಚಿತ್ರಗಳನ್ನು ನೋಡಿ. 'ಇನ್‌ಸೈಡ್ ಔಟ್ 2', 'ಡೆಡ್‌ಪೂಲ್ ಅಂಡ್ ವುಲ್ವರಿನ್', 'ಮೊವಾನಾ 2', 'ಡೆಸ್ಪಿಕೆಬಲ್ ಮಿ 4', 'ಡ್ಯೂನ್: ಪಾರ್ಟ್ ಟೂ', ಹೀಗೇ ಸಾಗುತ್ತದೆ. ಸೀಕ್ವೆಲ್ಲೂ ಅಲ್ಲದ, ಪ್ರೀಕ್ವೆಲ್ಲೂ ಅಲ್ಲದ ಚಿತ್ರ ಅದರಲ್ಲಿ ಒಂದೇ ಒಂದು, 'ವಿಕೆಡ್'. ಅದೂ ಹಳೆಯ ನಾಟಕದಿಂದ ಬಂದಿದ್ದು. ಅದೂ ಅರ್ಧ ಕಥೆಯೇ, ಉಳಿದರ್ಧ ಮುಂದಿನ ವರ್ಷ ಬಂತು!

ಈ ಚಾಳಿ ಸಿನಿಮಾಕ್ಕಿಂತ ಹಳೆಯದು. ಸ್ಪೇನ್‌ನ ಸರ್ವಾಂಟಿಸ್ 1605ರಲ್ಲಿ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಮೊದಲ ಭಾಗ ಪ್ರಕಟಿಸಿದರು. ಅದು ಬಲು ಜನಪ್ರಿಯವಾಯಿತು. ಅವರು ಎರಡನೇ ಭಾಗ ಬರೆಯುತ್ತಿರುವಾಗಲೇ, 1614ರಲ್ಲಿ, ಇನ್ಯಾರೋ ಅವೆಲ್ಯಾನೆಡಾ ಅನ್ನುವ ಹೆಸರಿನಲ್ಲಿ ಒಂದು ನಕಲಿ ಎರಡನೇ ಭಾಗ ತಂದರು. ಕೃತಿಸ್ವಾಮ್ಯದ ಕಾನೂನು ಇಲ್ಲದ ಕಾಲ. ಕೋರ್ಟಿಗೆ ಹೋಗುವ ಹಾಗಿಲ್ಲ. ಸರ್ವಾಂಟಿಸ್ ಏನು ಮಾಡಿದರು? 1615ರ ತಮ್ಮ ಎರಡನೇ ಭಾಗದೊಳಗೇ ಆ ನಕಲಿ ಪುಸ್ತಕವನ್ನು ಎಳೆದು ತಂದು ಲೇವಡಿ ಮಾಡಿದರು. ಕೊನೆಗೆ ನಾಯಕನನ್ನು ಸಾಯಿಸಿಬಿಟ್ಟರು, ಇನ್ನು ಯಾರೂ ಅವನನ್ನು ಎಬ್ಬಿಸಿ ಕರೆದೊಯ್ಯಬಾರದು ಅಂತ. ಹಕ್ಕು ಕಾಪಾಡಿಕೊಳ್ಳಲು ಆ ಕಾಲದ ಲೇಖಕನಿಗೆ ಇದ್ದ ಒಂದೇ ದಾರಿ ನಾಯಕನ ಸಾವು.

ಮೂಕಿ ಚಿತ್ರಗಳ ಕಾಲದಲ್ಲೇ ಸಿನಿಮಾ ಈ ಹಾದಿ ಹಿಡಿಯಿತು. ಫ್ರಾನ್ಸ್‌ನಲ್ಲಿ ಲೂಯಿ ಫೂಯಾದ್ 1913-14ರಲ್ಲಿ ಮುಖವಾಡದ ಕಳ್ಳ ಫ್ಯಾಂಟೊಮಾಸ್‌ನ ಮೇಲೆ ಐದು ಚಿತ್ರ ತೆಗೆದರು. ಅಮೆರಿಕದಲ್ಲಿ 'ದಿ ಹ್ಯಾಜರ್ಡ್ಸ್ ಆಫ್ ಹೆಲೆನ್' ಅನ್ನುವ ಸರಣಿ 1914ರಿಂದ 1917ರವರೆಗೆ 119 ಕಂತು ಓಡಿತು. ಪೂರ್ಣಪ್ರಮಾಣದ ಮೊದಲ ಸೀಕ್ವೆಲ್ ಅಂತ ಸಾಮಾನ್ಯವಾಗಿ ಹೆಸರಿಸುವುದು 1916ರ 'ದಿ ಫಾಲ್ ಆಫ್ ಎ ನೇಷನ್' ಚಿತ್ರವನ್ನು. 1915ರ 'ದಿ ಬರ್ತ್ ಆಫ್ ಎ ನೇಷನ್' ಗೆದ್ದ ಮೇಲೆ ಅದರ ಮೂಲ ಕಾದಂಬರಿಕಾರ ಥಾಮಸ್ ಡಿಕ್ಸನ್ ತಾವೇ ನಿರ್ದೇಶಕರಾಗಿ ಇದನ್ನು ತೆಗೆದರು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಸೀಕ್ವೆಲ್‌ಗಳ ವಂಶದ ಹಿರಿಯನ ಮುಖ ನೋಡುವ ಭಾಗ್ಯ ನಮಗಿಲ್ಲ.

ಅಗ್ಗದ ಸರಕು

1930 ಮತ್ತು 40ರ ದಶಕದ ಹಾಲಿವುಡ್‌ನಲ್ಲಿ ಸರಣಿ ಚಿತ್ರಗಳು ಇವತ್ತಿಗಿಂತ ಜಾಸ್ತಿಯೇ ಇದ್ದವು. ಈ ಮಾತು ಹೇಳಿದರೆ ಹಲವರು ನಂಬುವುದಿಲ್ಲ. ಕೊಲಂಬಿಯಾ ಸ್ಟುಡಿಯೋ 1938ರಿಂದ 1950ರೊಳಗೆ 'ಬ್ಲಾಂಡಿ' ಹೆಸರಿನ ಕೌಟುಂಬಿಕ ಹಾಸ್ಯ ಸರಣಿಯಲ್ಲಿ 28 ಚಿತ್ರ ಮಾಡಿತು. ಎಂಜಿಎಂ ಸ್ಟುಡಿಯೋದ ಆಂಡಿ ಹಾರ್ಡಿ ಸರಣಿಯಲ್ಲಿ 16 ಚಿತ್ರ ಬಂದವು. ಪತ್ತೇದಾರ ಚಾರ್ಲಿ ಚಾನ್, ಟಾರ್ಜನ್, ಷರ್ಲಾಕ್ ಹೋಮ್ಸ್, ಎಲ್ಲರದ್ದೂ ಸಾಲು ಸಾಲು ಚಿತ್ರ.

ಇಷ್ಟೊಂದು ಯಾಕೆ? ಥಿಯೇಟರುಗಳು ಸ್ಟುಡಿಯೋಗಳ ಕೈಯಲ್ಲೇ ಇದ್ದವು. ಒಂದು ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇತ್ತು. ಮೊದಲನೆಯದು ದೊಡ್ಡ ತಾರೆಯರ ಚಿತ್ರ, ಎರಡನೆಯದು ಸಣ್ಣ ಬಜೆಟ್‌ನದು. ಆ ಎರಡನೇ ಜಾಗ ತುಂಬಲು ವಾರವಾರವೂ ಸರಕು ಬೇಕು. ಅದೇ ಸೆಟ್, ಅದೇ ಬಟ್ಟೆ, ಸಂಬಳಕ್ಕಿರುವ ಅದೇ ನಟರು. ಕಥೆ ಸ್ವಲ್ಪ ತಿರುಗಿಸಿದರೆ ಹೊಸ ಚಿತ್ರ. ಒಂದು ಬಿದ್ದರೂ ಸ್ಟುಡಿಯೋಗೆ ನೋವಾಗುತ್ತಿರಲಿಲ್ಲ.

ಹೋಮ್ಸ್ ಸರಣಿಯಲ್ಲಿ ಇನ್ನೊಂದು ತಮಾಷೆ ಇದೆ. ಬೇಸಿಲ್ ರಾಥ್‌ಬೋನ್ 1939ರಿಂದ 1946ರವರೆಗೆ 14 ಚಿತ್ರಗಳಲ್ಲಿ ಹೋಮ್ಸ್ ಆದರು. ಮೊದಲ ಎರಡನ್ನು ಫಾಕ್ಸ್ ಸ್ಟುಡಿಯೋ ತೆಗೆಯಿತು. ಅವುಗಳಲ್ಲಿ ಕುದುರೆ ಗಾಡಿಯ ಹಳೆ ಲಂಡನ್ ಇದೆ. ಆಮೇಲೆ ಸರಣಿ ಯೂನಿವರ್ಸಲ್ ಕೈಗೆ ಹೋಯಿತು. ಹೋಮ್ಸ್ ಒಮ್ಮೆಲೇ 1940ರ ದಶಕಕ್ಕೆ ಹಾರಿ ನಾಜಿಗಳ ಬೆನ್ನು ಹತ್ತಿದ. ಯುದ್ಧದ ಕಾಲಕ್ಕೆ ಹೊಂದುವ ಕಥೆಯೂ ಆಯಿತು, ಹಳೆ ಕಾಲದ ಸೆಟ್ಟು, ಉಡುಪಿನ ಖರ್ಚೂ ಉಳಿಯಿತು.

ಮಾರ್ವೆಲ್‌ನವರು ಕಂಡುಹಿಡಿದದ್ದು ಅಂತ ನಾವು ಅಂದುಕೊಂಡಿರುವ 'ಒಂದೇ ಲೋಕದಲ್ಲಿ ಎಲ್ಲ ಪಾತ್ರಗಳು' ಅನ್ನುವ ಐಡಿಯಾ ಕೂಡ ಅದೇ ಯೂನಿವರ್ಸಲ್‌ನದು. 'ಫ್ರಾಂಕನ್‌ಸ್ಟೈನ್' 1931ರಲ್ಲಿ ಬಂತು. ಅದಕ್ಕೆ 1935ರಲ್ಲಿ ಹೆಂಡತಿ, 1939ರಲ್ಲಿ ಮಗ ಹುಟ್ಟಿಕೊಂಡರು. 1943ರಲ್ಲಿ ಫ್ರಾಂಕನ್‌ಸ್ಟೈನ್‌ನ ಸೃಷ್ಟಿಯನ್ನು ತೋಳಮನುಷ್ಯನ ಎದುರು ನಿಲ್ಲಿಸಿದರು. ಮುಂದಿನ ವರ್ಷ ಡ್ರಾಕುಲಾನನ್ನೂ ಸೇರಿಸಿದರು. 1948ರ ಹೊತ್ತಿಗೆ ಹಾಸ್ಯ ಜೋಡಿ ಅಬಟ್ ಮತ್ತು ಕಾಸ್ಟೆಲೊ ಇವರನ್ನೆಲ್ಲ ಕಂಡು ಕಿರುಚಿ ಓಡಾಡುತ್ತಿದ್ದರು. ಭಯ ಹುಟ್ಟಿಸಿದ ಪಾತ್ರ ನಗೆಪಾಟಲಾಗುವುದಕ್ಕೆ ಹದಿನೇಳು ವರ್ಷ ಸಾಕಾಯಿತು.

ಅದೇ 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಯಾರಮೌಂಟ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸ್ಟುಡಿಯೋಗಳು ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಎರಡನೇ ಜಾಗ ತುಂಬುವ ಖಾತ್ರಿ ಹೋಯಿತು. ಜೊತೆಗೆ ಟಿವಿ ಮನೆಮನೆಗೆ ಬಂತು. ಪ್ರತಿ ವಾರ ಅದೇ ಪಾತ್ರಗಳನ್ನು ನೋಡುವ ಸುಖ ಮನೆಯಲ್ಲೇ ಪುಕ್ಕಟೆ ಸಿಗುವಾಗ ಥಿಯೇಟರಿಗೆ ಯಾಕೆ ಹೋಗಬೇಕು? ಸರಣಿ ಚಿತ್ರಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಭೂಮಿಯೇ ಸುಟ್ಟುಹೋದ ಮೇಲೆ

ಆಮೇಲಿನ ಮೂವತ್ತು ವರ್ಷ ಹಾಲಿವುಡ್‌ನಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿತ್ತು. ಎರಡನೇ ಭಾಗ ಮೊದಲನೆಯದಕ್ಕಿಂತ ಕಡಿಮೆ ಗಳಿಸುತ್ತದೆ, ಹಾಗಾಗಿ ಖರ್ಚೂ ಕಡಿಮೆ ಮಾಡಬೇಕು ಅಂತ. ಇದು ಕಥೆಯನ್ನು ಎಲ್ಲಿಗೆ ಒಯ್ಯುತ್ತದೆ ಅಂತ ತಿಳಿಯಬೇಕಾದರೆ 'ಪ್ಲಾನೆಟ್ ಆಫ್ ದಿ ಏಪ್ಸ್' ಸರಣಿ ನೋಡಬೇಕು. ವಾನರರು ಮನುಷ್ಯರನ್ನು ಆಳುವ ಭವಿಷ್ಯದ ಭೂಮಿಯ ಕಥೆ ಅದು. ಮೊದಲ ಚಿತ್ರ ಬಂದದ್ದು 1968ರಲ್ಲಿ. ಎರಡನೆಯದರಲ್ಲಿ ನಟಿಸಲು ನಾಯಕ ಚಾರ್ಲ್‌ಟನ್ ಹೆಸ್ಟನ್‌ಗೆ ಇಷ್ಟವಿರಲಿಲ್ಲ. ತನ್ನ ಪಾತ್ರ ಸಾಯಬೇಕು ಅನ್ನುವ ಷರತ್ತಿನ ಮೇಲೆ ಸ್ವಲ್ಪ ಹೊತ್ತಿಗಷ್ಟೇ ಬಂದರು. 1970ರ ಆ ಚಿತ್ರದ ಕೊನೆಯಲ್ಲಿ ಬಾಂಬ್ ಸಿಡಿದು ಇಡೀ ಭೂಮಿಯೇ ನಾಶವಾಗುತ್ತದೆ. ಇನ್ನು ಮುಂದುವರಿಸುವುದು ಸಾಧ್ಯವೇ ಇಲ್ಲ, ಅಲ್ವಾ?

ಚಿತ್ರ ದುಡ್ಡು ಮಾಡಿತು. ಸ್ಟುಡಿಯೋ ಮೂರನೆಯದು ಬೇಕು ಅಂದಿತು. ಬರಹಗಾರ ಪಾಲ್ ಡೆನ್ ಹುಡುಕಿದ ದಾರಿ ಹೀಗಿತ್ತು: ಬಾಂಬ್ ಸಿಡಿಯುವ ಮೊದಲೇ ಮೂರು ವಾನರರು ಹೆಸ್ಟನ್‌ನ ನೌಕೆ ಹತ್ತಿ ತಪ್ಪಿಸಿಕೊಂಡು, ಕಾಲದಲ್ಲಿ ಹಿಂದಕ್ಕೆ ಬಂದು, 1970ರ ದಶಕದ ಅಮೆರಿಕದಲ್ಲಿ ಇಳಿಯುತ್ತಾರೆ. ಇದು ಕಿತಾಪತಿ ಅನಿಸಬಹುದು. ಆದರೆ ಎಷ್ಟು ಜಾಣತನ ನೋಡಿ. ವಾನರ ನಗರದ ಸೆಟ್ ಬೇಡ. ನೂರಾರು ಜನರಿಗೆ ಮುಖವಾಡದ ಮೇಕಪ್ ಬೇಡ, ಮೂವರಿಗೆ ಸಾಕು. ಉಳಿದದ್ದೆಲ್ಲ ಇವತ್ತಿನ ಬೀದಿ, ಇವತ್ತಿನ ಬಟ್ಟೆ. ಬಜೆಟ್ ಕತ್ತರಿಸಿದ್ದಕ್ಕೇ ಕಥೆ ತಲೆಕೆಳಗಾಯಿತು. ನನ್ನ ಮಟ್ಟಿಗೆ ಆ ಸರಣಿಯ ಮುಂದಿನ ಭಾಗಗಳಲ್ಲಿ ಒಳ್ಳೆಯದು ಅದೇ. ಕೊರತೆಯಿಂದ ಕೆಲವೊಮ್ಮೆ ಒಳ್ಳೆಯದೂ ಹುಟ್ಟುತ್ತದೆ. ಯಾವಾಗಲೂ ಅಲ್ಲ, 1973ರ ಐದನೆಯದನ್ನು ನೋಡಿದರೆ ಗೊತ್ತಾಗುತ್ತದೆ.

ಹೆಸರಿಗೆ ಅಂಕಿ ಹಚ್ಚುವುದು ಆಗಿನ್ನೂ ವಾಡಿಕೆಯಾಗಿರಲಿಲ್ಲ. ಬ್ರಿಟನ್‌ನ 'ಕ್ವಾಟರ್‌ಮಾಸ್ 2' 1957ರಲ್ಲೇ ಹಾಗೆ ಮಾಡಿತ್ತು, ಆದರೆ ಯಾರೂ ಅನುಸರಿಸಲಿಲ್ಲ. 1974ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ತಮ್ಮ ಚಿತ್ರಕ್ಕೆ 'ದಿ ಗಾಡ್‌ಫಾದರ್ ಪಾರ್ಟ್ 2' ಅಂತಲೇ ಹೆಸರಿಡಬೇಕು ಅಂತ ಪಟ್ಟು ಹಿಡಿದರು. ಪ್ಯಾರಮೌಂಟ್‌ನವರು ಬೇಡ ಅಂದರು. ನೋಡಿದ ಚಿತ್ರದ್ದೇ ಉಳಿದರ್ಧ ಅಂತ ಜನ ತಪ್ಪು ತಿಳಿಯುತ್ತಾರೆ ಅನ್ನುವುದು ಅವರ ಚಿಂತೆ. ಕೊಪ್ಪೊಲ ಗೆದ್ದರು. ಚಿತ್ರಕ್ಕೆ ಆರು ಆಸ್ಕರ್ ಬಂತು. ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆದ ಮೊದಲ ಸೀಕ್ವೆಲ್ ಅದು. ವಿಪರ್ಯಾಸ ಅಂದರೆ, ಕಲೆಯ ಹೆಸರಿನಲ್ಲಿ ಹಟ ಹಿಡಿದು ಗೆದ್ದ ಆ ಅಂಕಿಯೇ ಮುಂದೆ ವ್ಯಾಪಾರದ ಗುರುತಾಯಿತು. 1978ರಲ್ಲಿ 'ಜಾಸ್ 2', 1979ರಲ್ಲಿ 'ರಾಕಿ 2', ಆಮೇಲೆ ಲೆಕ್ಕ ಇಟ್ಟವರಿಲ್ಲ.

ಕಡಿಮೆ ಖರ್ಚಿನ ಆ ಹಳೆ ಲೆಕ್ಕವನ್ನು ಮುರಿದವರು ಜಾರ್ಜ್ ಲೂಕಾಸ್. 'ಸ್ಟಾರ್ ವಾರ್ಸ್' ಕರಾರು ಮಾಡುವಾಗ ಅವರು ಫಾಕ್ಸ್ ಸ್ಟುಡಿಯೋದ ಹತ್ತಿರ ಸಂಭಾವನೆ ಜಾಸ್ತಿ ಮಾಡಿ ಅಂತ ಹಟ ಮಾಡಲಿಲ್ಲ. ಬದಲಿಗೆ ಎರಡು ವಿಷಯ ಕೇಳಿದರು. ಮುಂದಿನ ಭಾಗಗಳ ಹಕ್ಕು, ಆಟಿಕೆ ಮತ್ತಿತರ ಸಾಮಾನುಗಳ ಹಕ್ಕು. ಸ್ಟುಡಿಯೋದವರಿಗೆ ಅವೆರಡೂ ದೊಡ್ಡ ಆಸ್ತಿಯಾಗಿ ಕಾಣಲಿಲ್ಲ. 1977ರಲ್ಲಿ ಚಿತ್ರ ಬಂತು. ಆ ವರ್ಷದ ಕ್ರಿಸ್‌ಮಸ್‌ಗೆ ಬೊಂಬೆಗಳು ತಯಾರಾಗಿರಲಿಲ್ಲ. ಕೆನ್ನರ್ ಕಂಪನಿ ಬೊಂಬೆ ಇಲ್ಲದ ಡಬ್ಬಿಯೊಳಗೆ 'ಆಮೇಲೆ ಕಳಿಸುತ್ತೇವೆ' ಅನ್ನುವ ಚೀಟಿ ಇಟ್ಟು ಮಾರಿತು. ಜನ ಅದನ್ನೂ ಕೊಂಡರು! ಆ ದುಡ್ಡು ಮತ್ತು ಬ್ಯಾಂಕ್ ಸಾಲದಿಂದ ಲೂಕಾಸ್ 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರವನ್ನು ತಾವೇ ನಿರ್ಮಿಸಿದರು. ಮೊದಲ ಚಿತ್ರದ ಎರಡು ಪಟ್ಟಿಗಿಂತ ಜಾಸ್ತಿ ಖರ್ಚು ಮಾಡಿದರು. ಫಾಕ್ಸ್‌ಗೆ ಉಳಿದದ್ದು ಹಂಚಿಕೆಯ ಕೆಲಸ ಮಾತ್ರ. ಮೊದಲ ಚಿತ್ರದ ಶುರುವಿನಲ್ಲಿ ಕಾಣುವ 'ಎಪಿಸೋಡ್ 4' ಅನ್ನುವ ಸಾಲು ಮೂಲದಲ್ಲಿ ಇರಲೇ ಇಲ್ಲ. ಅದು ಸೇರಿದ್ದು 1981ರ ಮರುಬಿಡುಗಡೆಯಲ್ಲಿ. ಕಥೆ ದೊಡ್ಡದು ಅಂತ ಕರಾರು ಮೊದಲು ಹೇಳಿತು, ಪರದೆ ಆಮೇಲೆ ಹೇಳಿತು.

1980ರ ದಶಕದಲ್ಲಿ ವಿಡಿಯೋ ಕ್ಯಾಸೆಟ್ ಬಂದು ಇನ್ನೊಂದು ಬಾಗಿಲು ತೆರೆಯಿತು. ಥಿಯೇಟರಿನಲ್ಲಿ ತಪ್ಪಿಸಿಕೊಂಡವರು ಮನೆಯಲ್ಲಿ ಮೊದಲ ಭಾಗ ನೋಡಿಕೊಂಡು ಎರಡನೆಯದಕ್ಕೆ ತಯಾರಾದರು. 'ಆಸ್ಟಿನ್ ಪವರ್ಸ್' 1997ರಲ್ಲಿ ಥಿಯೇಟರಿನಲ್ಲಿ ಸಾಧಾರಣವಾಗಿ ಓಡಿತು, ಆಮೇಲೆ ಮನೆಗಳಲ್ಲಿ ಹಬ್ಬಿತು. 1999ರಲ್ಲಿ ಬಂದ ಅದರ ಎರಡನೇ ಭಾಗ ಅಮೆರಿಕದಲ್ಲಿ ಮೊದಲ ಮೂರೇ ದಿನದಲ್ಲಿ ಮೊದಲ ಚಿತ್ರ ಅಲ್ಲಿ ಒಟ್ಟು ಗಳಿಸಿದ್ದನ್ನು ದಾಟಿತು.

ಭಯಾನಕ ಚಿತ್ರಗಳಿಗೆ ಇದು ಸುಗ್ಗಿ. 1984ರಲ್ಲಿ 'ಫ್ರೈಡೇ ದ 13ತ್' ಸರಣಿಯ ನಾಲ್ಕನೆಯದಕ್ಕೆ 'ಕೊನೆಯ ಅಧ್ಯಾಯ' ಅಂತ ಹೆಸರಿಟ್ಟರು. ಮರುವರ್ಷವೇ ಐದನೆಯದು ಬಂತು, ಅದರ ಹೆಸರು 'ಹೊಸ ಆರಂಭ'. ಒಬ್ಬರಂತೂ ಬೇರೆ ಪ್ರಯೋಗ ಮಾಡಿದರು. 'ಹ್ಯಾಲೋವೀನ್' ಸರಣಿಯ ಜಾನ್ ಕಾರ್ಪೆಂಟರ್ 1982ರ ಮೂರನೇ ಚಿತ್ರದಲ್ಲಿ ಕೊಲೆಗಾರ ಮೈಕಲ್ ಮೈಯರ್ಸ್‌ನನ್ನೇ ಕೈಬಿಟ್ಟರು. ಹೆಸರು ಅದೇ, ಕಥೆ ಮಾತ್ರ ಪ್ರತಿ ಸಲ ಹೊಸದು ಅನ್ನುವುದು ಅವರ ಆಸೆ. ಪ್ರೇಕ್ಷಕರು ಒಪ್ಪಲಿಲ್ಲ. 1988ರಲ್ಲಿ ಮೈಕಲ್ ವಾಪಸ್ ಬಂದ. ಹೊಸತು ಬೇಕು ಅಂತ ಕೇಳುವವರೂ ನಾವೇ, ಕೊಟ್ಟಾಗ ಹಳೆಯವನೆಲ್ಲಿ ಅಂತ ಕೇಳುವವರೂ ನಾವೇ.

ಹೆಸರಿಲ್ಲದ ಖಳನಾಯಕ

ಬಾಂಡ್ ಚಿತ್ರಗಳ ಖಳ ಬ್ಲೋಫೆಲ್ಡ್ 1971ರ ನಂತರ ದಶಕಗಳ ಕಾಲ ಅಧಿಕೃತ ಸರಣಿಯಲ್ಲಿ ಹೆಸರು ಹೇಳಿಕೊಂಡು ಬರಲಿಲ್ಲ. ಬಿಳಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಗತ್ತನ್ನು ಆಳುವ ಮಾತಾಡುತ್ತಿದ್ದ ಮನುಷ್ಯ ಎಲ್ಲಿ ಹೋದ? ಅವನು ಕೋರ್ಟಿನಲ್ಲಿದ್ದ. 'ಥಂಡರ್‌ಬಾಲ್' ಕಥೆಯನ್ನು ಮೊದಲು ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್ ಜೊತೆ ಸೇರಿ ಚಿತ್ರಕಥೆಯಾಗಿ ಬೆಳೆಸಿದವರಲ್ಲಿ ಕೆವಿನ್ ಮೆಕ್‌ಲೋರಿ ಒಬ್ಬರು. ಫ್ಲೆಮಿಂಗ್ ಅದನ್ನೇ ತಮ್ಮ ಕಾದಂಬರಿ ಮಾಡಿಕೊಂಡಾಗ ಮೆಕ್‌ಲೋರಿ ಮೊಕದ್ದಮೆ ಹೂಡಿದರು. 1963ರಲ್ಲಿ ರಾಜಿಯಾಗಿ ಆ ಕಥೆಯ ಚಿತ್ರದ ಹಕ್ಕು ಅವರಿಗೆ ಸಿಕ್ಕಿತು. ಬ್ಲೋಫೆಲ್ಡ್ ಮತ್ತು ಅವನ ಸ್ಪೆಕ್ಟರ್ ಗುಂಪು ಯಾರದ್ದು ಅನ್ನುವ ಜಗಳ ಅಲ್ಲಿಂದ ಬೆಳೆಯಿತು. 1981ರ ಚಿತ್ರದ ಶುರುವಿನಲ್ಲಿ ಗಾಲಿಕುರ್ಚಿಯ ಬೋಳುತಲೆಯವನೊಬ್ಬನನ್ನು ಬೆಕ್ಕಿನ ಸಮೇತ ತೋರಿಸಿ, ಬಾಂಡ್ ಕೈಯಿಂದ ಹೊಗೆ ಕೊಳವೆಯೊಳಗೆ ಬೀಳಿಸಿದರು. ಅವನ ಹೆಸರು ಮಾತ್ರ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವ ಹಾಗಿಲ್ಲ.

1983ರಲ್ಲಂತೂ ಎರಡು ಬಾಂಡ್ ಚಿತ್ರ ಪೈಪೋಟಿಗೆ ಬಿದ್ದವು. ಅಧಿಕೃತ ಸರಣಿಯಲ್ಲಿ ರೋಜರ್ ಮೂರ್, ಮೆಕ್‌ಲೋರಿ ಹಕ್ಕಿನಿಂದ ಬಂದ ಚಿತ್ರದಲ್ಲಿ ಹಳೆಯ ಬಾಂಡ್ ಶಾನ್ ಕಾನರಿ. ವ್ಯಾಜ್ಯ ಪೂರ್ತಿ ಬಗೆಹರಿದದ್ದು 2013ರಲ್ಲಿ. 2015ರಲ್ಲಿ ಬಂದ ಬಾಂಡ್ ಚಿತ್ರದ ಹೆಸರೇ 'ಸ್ಪೆಕ್ಟರ್', ಅದರ ಖಳ ಬ್ಲೋಫೆಲ್ಡ್. ಅವನು ಮರಳಿ ಬಂದದ್ದಕ್ಕೆ ಚಿತ್ರದೊಳಗೆ ಏನೇನೋ ಕಾರಣ ಕೊಡುತ್ತಾರೆ. ನಿಜವಾದ ಕಾರಣ ವಕೀಲರ ಕಡತದಲ್ಲಿದೆ. 1962ರಿಂದ ಬ್ರೊಕೊಲಿ ಕುಟುಂಬ ಕೈಬಿಡದೆ ನೋಡಿಕೊಂಡ ಆ ಸರಣಿಯ ಸೃಜನಶೀಲ ಹಿಡಿತ 2025ರಲ್ಲಿ ಅಮೆಜಾನ್‌ಗೆ ಹೋಯಿತು. ಹಿಂದಿನ ಚಿತ್ರದಲ್ಲಿ ಬಾಂಡ್ ಸತ್ತಿದ್ದಾನೆ. ಹೊಸ ಮಾಲೀಕರಿಗೆ ಅದು ಸಮಸ್ಯೆಯೇ ಅಲ್ಲ.

ಕರಾರಿನ ವಿಷಯಕ್ಕೆ ಬಂದರೆ ನಟರು ಮೋಸ ಹೋದ ಕಥೆಯೂ ಒಂದಿದೆ. 1973ರ 'ದಿ ತ್ರೀ ಮಸ್ಕಿಟಿಯರ್ಸ್' ಚಿತ್ರಕ್ಕೆ ಮೈಕಲ್ ಯಾರ್ಕ್, ಆಲಿವರ್ ರೀಡ್, ರಾಕೆಲ್ ವೆಲ್ಚ್ ಮೊದಲಾದವರು ಒಂದು ಚಿತ್ರ ಅಂತಲೇ ದುಡಿದರು. ಅಲೆಕ್ಸಾಂಡರ್ ಮತ್ತು ಇಲ್ಯಾ ಸಾಲ್ಕಿಂಡ್ ಅನ್ನುವ ಅಪ್ಪ-ಮಗ ನಿರ್ಮಾಪಕರು ಅದನ್ನು ಎರಡು ಮಾಡಿ, ಎರಡನೆಯದನ್ನು 1974ರಲ್ಲಿ ಬಿಟ್ಟರು. ಸಂಭಾವನೆ ಕೊಟ್ಟದ್ದು ಒಂದಕ್ಕೆ! ನಟರು ಕೋರ್ಟಿಗೆ ಹೋದರು, ಸ್ವಲ್ಪ ಪರಿಹಾರ ಸಿಕ್ಕಿತು. ಅಂದಿನಿಂದ ಅಮೆರಿಕದ ನಟರ ಸಂಘದ ಕರಾರುಗಳಲ್ಲಿ ಒಂದು ಕಲಂ ಸೇರಿಕೊಂಡಿತು. ಈ ಶೂಟಿಂಗ್‌ನಿಂದ ಎಷ್ಟು ಚಿತ್ರ ಬರುತ್ತವೆ ಅಂತ ಮೊದಲೇ ಹೇಳಬೇಕು. ಅದಕ್ಕೆ ಇವತ್ತಿಗೂ ಸಾಲ್ಕಿಂಡ್ ಕಲಂ ಅಂತಲೇ ಹೆಸರು. ಕೊನೆಯ ಕಾದಂಬರಿಯನ್ನು ಎರಡು ಚಿತ್ರ ಮಾಡುವ ಪದ್ಧತಿ 2010-11ರ ಹ್ಯಾರಿ ಪಾಟರ್‌ನಿಂದ ಫ್ಯಾಷನ್ ಆಯಿತಲ್ಲ, ಅದು ರಾಜಾರೋಷವಾಗಿ ನಡೆದದ್ದು, ಇದು ಕದ್ದುಮುಚ್ಚಿ. ವ್ಯತ್ಯಾಸ ಅಷ್ಟೇ.

ಭಾರತದ ದಾರಿ ಬೇರೆ ಇತ್ತು. ಇಲ್ಲೂ ಸೀಕ್ವೆಲ್ ಹೊಸದಲ್ಲ. ಸಾಹಸ ಚಿತ್ರಗಳ ನಟಿ ಫಿಯರ್‌ಲೆಸ್ ನಾಡಿಯಾ ಅವರ 1935ರ 'ಹಂಟರ್‌ವಾಲಿ'ಗೆ 1943ರಲ್ಲಿ 'ಹಂಟರ್‌ವಾಲಿ ಕಿ ಬೇಟಿ' ಬಂದಿತ್ತು. ಸತ್ಯಜಿತ್ ರೇ ಅಪುವಿನ ಬದುಕನ್ನು ಮೂರು ಚಿತ್ರಗಳಲ್ಲಿ ಹೇಳಿದರು. ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ 1968ರ 'ಜೇಡರ ಬಲೆ'ಯಿಂದ 1978ರ 'ಆಪರೇಷನ್ ಡೈಮಂಡ್ ರಾಕೆಟ್'ವರೆಗೆ ನಾಲ್ಕು ಚಿತ್ರ ಕೊಟ್ಟರು. ಆದರೂ ಇವು ಅಪರೂಪವೇ. ನನಗನಿಸುವ ಕಾರಣ ಇದು: ಇಲ್ಲಿ ತಾರೆಯೇ ಫ್ರಾಂಚೈಸಿ, ಅಂದರೆ ತಾರೆಯೇ ಸರಣಿ. ಪಾತ್ರದ ಹೆಸರು ಪ್ರತಿ ಚಿತ್ರದಲ್ಲೂ ಬದಲಾಗುತ್ತಿತ್ತು. ಜನ ನೋಡಲು ಬರುತ್ತಿದ್ದ ಮನುಷ್ಯ ಬದಲಾಗುತ್ತಿರಲಿಲ್ಲ. ಅವನ ನಡಿಗೆ, ಮಾತಿನ ಧಾಟಿ, ಅನ್ಯಾಯ ಕಂಡರೆ ಸಿಡಿಯುವ ರೀತಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾಗೇ ಹರಿದು ಬರುತ್ತಿತ್ತು. ಅಂಕಿ ಹಾಕುವ ಅಗತ್ಯವೇ ಬೀಳಲಿಲ್ಲ. 2015ರ 'ಬಾಹುಬಲಿ' ಕಟ್ಟಪ್ಪನ ಕತ್ತಿಯ ಮೇಲೆ ಕಥೆ ನಿಲ್ಲಿಸಿ ಎರಡು ವರ್ಷ ಕಾಯಿಸಿದ ಮೇಲೆ, 2018 ಮತ್ತು 2022ರ 'ಕೆಜಿಎಫ್' ಅದೇ ದಾರಿಯಲ್ಲಿ ಗೆದ್ದ ಮೇಲೆ, ಲೆಕ್ಕ ಬದಲಾಯಿತು. ಒಂದು ಮಾತು ಹೇಳಬೇಕು. ಇವು ಸೀಕ್ವೆಲ್ ಅನ್ನುವುದಕ್ಕಿಂತ ಒಂದೇ ಕಥೆಯ ಎರಡು ತುಂಡು. ಮೊದಲ ಭಾಗ ತನ್ನಷ್ಟಕ್ಕೆ ಪೂರ್ತಿಯಾಗಿದ್ದು, ಗೆದ್ದ ಮೇಲೆ ಮುಂದುವರಿಸುವುದು ಬೇರೆ. ಪ್ರೇಕ್ಷಕ ಮುಂದಿನದಕ್ಕೂ ಬರಲೇಬೇಕಾದ ಹಾಗೆ ಮೊದಲೇ ಕತ್ತರಿಸಿ ಇಡುವುದು ಬೇರೆ. ಎರಡನೆಯದು ಈಗ ಜಾಸ್ತಿಯಾಗುತ್ತಿದೆ. ಮೊದಲನೆಯದೇ ಸೋತರೆ ಉಳಿದರ್ಧ ಕಥೆಯ ಗತಿ ಏನು?

ತಲೆಕೆಳಗಾದ ಲೆಕ್ಕ

ಈಗಿನ ಕಾಲದ ರಾಜ ಮಾರ್ವೆಲ್. ಅದರ ಕಥೆ ಶುರುವಾಗುವುದು ದಿವಾಳಿಯಿಂದ. 1996ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೈಯಲ್ಲಿದ್ದ ಜನಪ್ರಿಯ ಪಾತ್ರಗಳ ಚಿತ್ರದ ಹಕ್ಕು ಆ ದಶಕದಲ್ಲಿ ಒಂದೊಂದು ಕಡೆ ಹೋಯಿತು. ಎಕ್ಸ್-ಮೆನ್ ಫಾಕ್ಸ್‌ಗೆ, ಸ್ಪೈಡರ್‌ಮ್ಯಾನ್ ಸೋನಿಗೆ. ಉಳಿದವರನ್ನು ಅಡ ಇಟ್ಟು 2005ರಲ್ಲಿ ಮೆರಿಲ್ ಲಿಂಚ್‌ನಿಂದ 52.5 ಕೋಟಿ ಡಾಲರ್ ಸಾಲ ಎತ್ತಿದರು. ಚಿತ್ರಗಳು ಸೋತಿದ್ದರೆ ಕ್ಯಾಪ್ಟನ್ ಅಮೆರಿಕಾ ಬ್ಯಾಂಕಿನ ಪಾಲಾಗುತ್ತಿದ್ದ! 2008ರ 'ಐರನ್ ಮ್ಯಾನ್' ಗೆದ್ದಿತು. ಮರುವರ್ಷ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಕಂಪನಿಯನ್ನೇ ಕೊಂಡಿತು. 2012ರಲ್ಲಿ ಲೂಕಾಸ್‌ಫಿಲ್ಮ್ ಅನ್ನೂ 405 ಕೋಟಿಗೆ ಕೊಂಡಿತು. 2019ರ 'ಅವೆಂಜರ್ಸ್: ಎಂಡ್‌ಗೇಮ್' ಸುಮಾರು 280 ಕೋಟಿ ಡಾಲರ್ ಗಳಿಸಿತು.

ಸ್ಪೈಡರ್‌ಮ್ಯಾನ್ 2002, 2012, 2017ರಲ್ಲಿ ಮೂರು ಸಲ ಹೊಸ ನಟರೊಂದಿಗೆ ಶುರುವಾದದ್ದು ಯಾಕೆ ಅಂತ ಈಗ ಊಹಿಸಬಹುದು. ಸೋನಿ ನಿಗದಿತ ಅವಧಿಯೊಳಗೆ ಚಿತ್ರ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಹಕ್ಕು ಮಾರ್ವೆಲ್‌ಗೆ ವಾಪಸ್. ಡಿಸೆಂಬರ್ 31ರ ಅದೇ ಗಡಿಯಾರ, ಬಜೆಟ್ ಮಾತ್ರ ನೂರಾರು ಪಟ್ಟು.

ಹಳೆಯ ಕಾಲಕ್ಕೂ ಈಗಿಗೂ ದೊಡ್ಡ ವ್ಯತ್ಯಾಸ ಇರುವುದು ಆ ಬಜೆಟ್‌ನಲ್ಲೇ. 'ಬ್ಲಾಂಡಿ' ಕಾಲದಲ್ಲಿ ಸರಣಿ ಚಿತ್ರ ಅಂದರೆ ಸ್ಟುಡಿಯೋದ ಅತಿ ಅಗ್ಗದ ಸರಕು. ಈಗ ಅದೇ ಅತಿ ದುಬಾರಿ ಸರಕು. ಆಗ ಸರಣಿಯ ನಿಶ್ಚಿತ ಆದಾಯ ಸ್ಟುಡಿಯೋಗೆ ಬೇರೆ ಹೊಸ ಚಿತ್ರಗಳಲ್ಲಿ ಸಾಹಸ ಮಾಡಲು ಧೈರ್ಯ ಕೊಡುತ್ತಿತ್ತು. ಈಗ ಒಂದು ಸರಣಿ ಚಿತ್ರವೇ ಹತ್ತಾರು ಮಧ್ಯಮ ಚಿತ್ರಗಳ ದುಡ್ಡು ತಿನ್ನುತ್ತದೆ. ಇಂಡಿಯಾನಾ ಜೋನ್ಸ್‌ನ ಐದನೇ ಚಿತ್ರಕ್ಕೆ ಸುಮಾರು 30 ಕೋಟಿ ಡಾಲರ್ ಸುರಿದರು. 2023ರಲ್ಲಿ ಅದು ಜಗತ್ತಿನಾದ್ಯಂತ 40 ಕೋಟಿಯನ್ನೂ ಮುಟ್ಟಲಿಲ್ಲ. ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ದೊಡ್ಡ ನಷ್ಟ. ಅದೇ ವರ್ಷ 'ದಿ ಮಾರ್ವೆಲ್ಸ್' ಮಾರ್ವೆಲ್ ಸರಣಿಯಲ್ಲೇ ಅತಿ ಕಡಿಮೆ ಗಳಿಸಿದ ಚಿತ್ರವಾಯಿತು. ಇಷ್ಟು ದುಡ್ಡು ಪಣಕ್ಕಿಟ್ಟಾಗ ಯಾರೂ ವಾನರ ಚಿತ್ರದ ಪಾಲ್ ಡೆನ್ ಹಾಗೆ ಕಥೆಯನ್ನು ತಲೆಕೆಳಗು ಮಾಡುವ ಧೈರ್ಯ ತೋರುವುದಿಲ್ಲ. ನನ್ನ ತಕರಾರು ಸೀಕ್ವೆಲ್ ಮೇಲಲ್ಲ, ಈ ಭಯದ ಮೇಲೆ.

ದುಡ್ಡು ಕಡಿಮೆ ಇದ್ದರೆ ಏನಾಗಬಹುದು ಅನ್ನುವುದಕ್ಕೂ ಅದೇ 2023ರಲ್ಲಿ ಉದಾಹರಣೆ ಇದೆ. 1954ರಲ್ಲಿ ಹುಟ್ಟಿದ ಜಪಾನಿನ ಗಾಡ್ಜಿಲಾ 'ಗಾಡ್ಜಿಲಾ ಮೈನಸ್ ಒನ್' ಆಗಿ ಬಂದ. 1.5 ಕೋಟಿ ಡಾಲರ್‌ಗೂ ಕಡಿಮೆ ಖರ್ಚು. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಹೊಡೆದ. ಚೀನಾದ 'ನೆಝಾ 2' 2025ರಲ್ಲಿ 200 ಕೋಟಿ ಡಾಲರ್ ದಾಟಿತು. ಬಹುಪಾಲು ತನ್ನ ದೇಶದಲ್ಲೇ ಗಳಿಸಿದ್ದು.

ಜಪಾನ್ ಅಂದಾಗ ತೋರಾ-ಸಾನ್‌ನನ್ನು ಬಿಡಲಾಗದು. ಊರೂರು ಅಲೆದು ಸಣ್ಣಪುಟ್ಟ ಸಾಮಾನು ಮಾರುವವನು. ಪ್ರತಿ ಚಿತ್ರದಲ್ಲೂ ಮನೆಗೆ ಬರುತ್ತಾನೆ, ಜಗಳ ಆಡುತ್ತಾನೆ, ಯಾರನ್ನೋ ಪ್ರೀತಿಸುತ್ತಾನೆ, ಅದು ಕೈಗೂಡದೆ ಮತ್ತೆ ಹೊರಟುಹೋಗುತ್ತಾನೆ. 1969ರಿಂದ 1995ರವರೆಗೆ 48 ಚಿತ್ರ, ಎಲ್ಲದರಲ್ಲೂ ಕಿಯೋಶಿ ಅತ್ಸುಮಿ. ಎರಡನ್ನು ಬಿಟ್ಟು ಉಳಿದೆಲ್ಲದರ ನಿರ್ದೇಶಕ ಯೋಜಿ ಯಮಾಡಾ. ಲೋಕ ಉಳಿಸುವ ಹೊಣೆ ಇಲ್ಲ, ಹಿಂದಿನದು ನೋಡಿರಲೇಬೇಕು ಅನ್ನುವ ಒತ್ತಾಯ ಇಲ್ಲ. 1996ರಲ್ಲಿ ಅತ್ಸುಮಿ ತೀರಿಕೊಂಡರು. ಆ ಪಾತ್ರಕ್ಕೆ ಬೇರೆ ನಟನನ್ನು ಹಾಕಲಿಲ್ಲ. 2019ರ 50ನೇ ಚಿತ್ರದಲ್ಲಿ ತೋರಾ-ಸಾನ್ ಮನೆಯವರ ನೆನಪಾಗಿ, ಹಳೆಯ ಚಿತ್ರಗಳ ತುಣುಕುಗಳಲ್ಲಷ್ಟೇ ಬರುತ್ತಾನೆ.

ಮುಂದಿನ ಜಗಳಗಳು ಎಲ್ಲಿ ನಡೆಯುತ್ತವೆ ಅನ್ನುವುದಕ್ಕೆ 'ಫ್ರೈಡೇ ದ 13ತ್' ಒಳ್ಳೆಯ ಸುಳಿವು. ಅಮೆರಿಕದ ಕಾನೂನಿನ ಪ್ರಕಾರ ಬರಹಗಾರ ಬಿಟ್ಟುಕೊಟ್ಟ ಹಕ್ಕನ್ನು 35 ವರ್ಷದ ನಂತರ ವಾಪಸ್ ಕೇಳಬಹುದು. ಸಂಬಳಕ್ಕೆ ಬರೆದದ್ದಾದರೆ ಆಗದು. ಮೊದಲ ಚಿತ್ರದ ಬರಹಗಾರ ವಿಕ್ಟರ್ ಮಿಲ್ಲರ್ ಕೇಳಿದರು. 2018ರಲ್ಲಿ ಗೆದ್ದರು, 2021ರಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ಆದರೆ 1980ರ ಆ ಚಿತ್ರದಲ್ಲಿ ಕೊಲೆ ಮಾಡುವುದು ಸರಣಿಯ ಹೆಸರಾಂತ ಕೊಲೆಗಾರ ಜೇಸನ್ ಅಲ್ಲ, ಅವನ ತಾಯಿ. ಜೇಸನ್ ನೀರಿಗೆ ಬಿದ್ದ ಹುಡುಗ. ಅವನ ಹಾಕಿ ಮುಖವಾಡ ಬಂದದ್ದು 1982ರ ಮೂರನೆಯದರಲ್ಲಿ. ಅಂದರೆ ಕಥೆಯ ಬೇರು ಒಬ್ಬರ ಹತ್ತಿರ, ಎಲ್ಲರೂ ಗುರುತಿಸುವ ಮುಖ ಇನ್ನೊಬ್ಬರ ಹತ್ತಿರ. ಎಷ್ಟು ಸಲ ಕೊಂದರೂ ಎದ್ದು ಬರುತ್ತಿದ್ದ ಜೇಸನ್ 2009ರ ನಂತರ ಪೂರ್ಣಪ್ರಮಾಣದ ಒಂದೇ ಒಂದು ಹೊಸ ಚಿತ್ರದಲ್ಲೂ ಕಾಣಿಸಿಕೊಂಡಿಲ್ಲ. ಯಾವ ನಾಯಕಿಯ ಕೈಯಲ್ಲೂ ಆಗದ ಕೆಲಸ ವಕೀಲರಿಂದ ಆಯಿತು.

ಇನ್ನು ಆ ನಾಲ್ವರು ಸೂಪರ್‌ಹೀರೊಗಳು. ಅವರ ಚಿತ್ರಗಳನ್ನು ಹಂಚುತ್ತಿದ್ದ ಫಾಕ್ಸ್ ಕಂಪನಿಯನ್ನು 2019ರಲ್ಲಿ ಡಿಸ್ನಿ ಕೊಂಡಿತು. ಜೊತೆಗೆ ಅವರೂ ಮಾರ್ವೆಲ್ ಮನೆಗೆ ವಾಪಸಾದರು. 2025ರ ಜುಲೈನಲ್ಲಿ 'ದಿ ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಬಂತು. ಕಣ್ಣು ಚುರುಕಾಗಿದ್ದವರು ಅದರಲ್ಲಿ ನಾಲ್ಕು ವಯಸ್ಸಾದ ಮುಖಗಳನ್ನು ಗುರುತಿಸಿದರು. ಅಲೆಕ್ಸ್ ಹೈಡ್-ವೈಟ್, ರೆಬೆಕಾ ಸ್ಟಾಬ್, ಜೇ ಅಂಡರ್‌ವುಡ್, ಮೈಕಲ್ ಬೈಲಿ ಸ್ಮಿತ್. ಮೂವತ್ತು ವರ್ಷದ ಹಿಂದೆ, ಬಿಡುಗಡೆಯೇ ಆಗದ ಚಿತ್ರಕ್ಕಾಗಿ ಸ್ವಂತ ಖರ್ಚಿನಲ್ಲಿ ಪ್ರಚಾರ ಮಾಡಿದ್ದವರು. ಪಾತ್ರ ಕ್ಷಣ ಹೊತ್ತಿನದು. ಥಿಯೇಟರಿನ ಪರದೆಯ ಮೇಲಂತೂ ಬಂದರು.